ಹಳದಿ ಬಿಟ್ಟ ಮೂರು ತಿಂಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಹುಟ್ಟಾ ಹೆದರುಪುಕ್ಕ. ನಲವತ್ತೆಂಟು ತುಂಬುವಷ್ಟರಲ್ಲಿ ನನಗೆ ಇಪ್ಪತ್ತು ಸಲವಾದರೂ ಹೃದಯಾಘಾತವಾಗಿತ್ತು, ಎಲ್ಲವೂ ಮನಸ್ಸಿನಲ್ಲಿಯೇ. ಎಡಗೈ ಜೋಮು ಹಿಡಿದರೆ ಹೃದಯ, ಸೊಂಟ ಹಿಡಿದರೆ ಕಿಡ್ನಿ, ಎರಡು ದಿನ ಕೆಮ್ಮಿದರೆ ಬಾಯಿಬಿಟ್ಟು ಹೇಳಲಾಗದ್ದು. ಕಚೇರಿಯಲ್ಲಿ ಯಾರಾದರೂ ರಜೆ ಮುಗಿಸಿ ಬಂದರೆ ಅವರ ಕಾಯಿಲೆಯ ಲಕ್ಷಣಗಳನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದೆ. ಸಂಜೆಯ ಬಸ್ಸು ಅಂಕೋಲಾ ಮುಟ್ಟುವುದರೊಳಗೆ ಅವು ನನಗೂ ಇರುತ್ತಿದ್ದವು. ಇಷ್ಟೆಲ್ಲ ಅಭ್ಯಾಸ ಮಾಡಿಕೊಂಡವನಿಗೆ ನಿಜವಾದದ್ದು ಬಂದಾಗ ಗುರುತೇ ಸಿಗಲಿಲ್ಲ. ಗ್ಯಾಸ್ ಎಂದುಕೊಂಡೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಅಂಕೋಲಾದಿಂದ ಕಾರವಾರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತ. ನವೆಂಬರಿನ ಒಂದು ಬೆಳಿಗ್ಗೆ ಬಸ್ಸು ಬಿಣಗಾ ದಾಟುತ್ತಿರುವಾಗ ಎದೆಯ ನಡುವೆ ಯಾರೋ ಮೊಣಕೈ ಊರಿ ಕುಳಿತ ಹಾಗಾಯಿತು. ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಗಾಡಿಯಲ್ಲಿ ತಿಂದ ಆಮ್ಲೆಟ್ ಪಾವ್ ನೆನಪಾಯಿತು. ಅದು ನನ್ನ ದಿನದ ಪದ್ಧತಿ: ಎರಡು ಮೊಟ್ಟೆ, ಎರಡು ಪಾವ್, ತೇಲುವಷ್ಟು ಎಣ್ಣೆ. ಹೆಂಡತಿಗೆ ಗೊತ್ತಿರಲಿಲ್ಲ. ಕಾರವಾರದಲ್ಲಿ ಇಳಿದು ಒಂದು ಸೋಡಾ ಕುಡಿದೆ. ಮೊಣಕೈ ಏಳಲಿಲ್ಲ. ಕಚೇರಿಗೆ ಹೋಗಿ ಹಾಜರಿಗೆ ಸಹಿ ಮಾಡಿ ಕುಳಿತೆ.

ಪಕ್ಕದ ಮೇಜಿನ ಗಾಂವಕರ್ ತಲೆ ಎತ್ತಿ ನೋಡಿದ. ಇಪ್ಪತ್ತು ವರ್ಷದಿಂದ ನನ್ನ ಎಲ್ಲ ಸುಳ್ಳು ಕಾಯಿಲೆಗಳಿಗೂ ಅವನೇ ಸಾಕ್ಷಿ.

“ಎಂತ ಮಾರಾಯಾ, ಇವತ್ತು ಯಾವ ರೋಗ?”

“ಏನಿಲ್ಲ. ಸ್ವಲ್ಪ ಗ್ಯಾಸು.”

ಅವನು ಪೆನ್ನು ಕೆಳಗಿಟ್ಟ. “ನೀನು ಏನಿಲ್ಲ ಅಂದದ್ದು ಇದೇ ಮೊದ್ಲು. ಏಳು.”

ಆಮೇಲೆ ಅವನು ಹೇಳಿದ್ದು ಇದೇ: ನನ್ನ ಮುಖದ ಬೆವರಿಗಿಂತ ನನ್ನ ಧೈರ್ಯ ನೋಡಿ ಅವನಿಗೆ ಹೆದರಿಕೆಯಾಯಿತಂತೆ. ಸ್ಕೂಟರಿನ ಹಿಂದೆ ಕೂರಿಸಿ, ನಾನು ಬೀಳದ ಹಾಗೆ ಎಡಗೈಯಿಂದ ನನ್ನ ಕೈ ಎಳೆದು ತನ್ನ ಹೊಟ್ಟೆಗೆ ಒತ್ತಿಕೊಂಡು, ಒಂದೇ ಕೈಯಲ್ಲಿ ಸ್ಕೂಟರ್ ಓಡಿಸಿ ಆಸ್ಪತ್ರೆ ಮುಟ್ಟಿಸಿದ. ಹೀಗೆ ಮಾಡಬಾರದು, ಆಂಬುಲೆನ್ಸ್ ಕರೆಯಬೇಕು ಎಂದು ಆಮೇಲೆ ಡಾಕ್ಟರು ಅವನಿಗೆ ಬೈದರು. ಅವನು ಬೈಸಿಕೊಂಡ. ನಾನು ಇವತ್ತು ಇದನ್ನು ಬರೆಯಲು ಕುಳಿತಿರುವುದು ಬೈಗುಳ ತಿಂದ ಆ ಕೆಲಸದಿಂದ.

ಹೃದಯಾಘಾತ, ಆದರೆ ಸಣ್ಣದು ಎಂದರು. ಸಣ್ಣದು ಎಂಬ ಮಾತು ಕೇಳಿ ಮರ್ಯಾದೆ ಹೋದ ಹಾಗೆನಿಸಿತು ಎಂದರೆ ನೀವು ನಂಬಲಿಕ್ಕಿಲ್ಲ. ಇಷ್ಟು ವರ್ಷ ಕಾದದ್ದು ಸಣ್ಣದಕ್ಕೋ ಎಂದು ಒಂದು ಕ್ಷಣ ಅನಿಸಿತು. ಮರುಕ್ಷಣ ಅಪ್ಪ ನೆನಪಾದ. ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದಾಗಲೇ ಹಗ್ಗ ಹಿಡಿದುಕೊಂಡು ಕುಸಿದು ತೀರಿಕೊಂಡವನು, ಐವತ್ತಕ್ಕೆ ಇನ್ನೂ ಎರಡು ವರ್ಷವಿತ್ತು. ಅಲ್ಲಿಂದ ಮುಂದೆ ಆರು ದಿನ ನಾನು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಮಾಡಿದ್ದು ಒಂದೇ ಕೆಲಸ, ಹಾಸಿಗೆಯ ಪಕ್ಕದ ಯಂತ್ರದ ಹಸಿರು ಗೆರೆ ನೋಡುವುದು. ಗೆರೆ ಏರಿದರೆ ಹೆದರಿಕೆ, ಇಳಿದರೆ ಇನ್ನೂ ಹೆಚ್ಚು. ಬೆಳಗಿನ ಪಾಳಿಯ ನರ್ಸಮ್ಮ ಒಬ್ಬರಿದ್ದರು. ರಕ್ತದೊತ್ತಡ ನೋಡಿದವರೇ, ಅಂಕಿ ಏನೇ ಇರಲಿ, “ಇವತ್ತು ಚೊಲೋ ಇದೆ” ಎನ್ನುತ್ತಿದ್ದರು. ಎಲ್ಲರಿಗೂ ಹಾಗೆಯೇ ಹೇಳುತ್ತಾರೆಂದು ಮೂರನೆಯ ದಿನವೇ ಗೊತ್ತಾಯಿತು. ಗೊತ್ತಾದ ಮೇಲೂ ಅದಕ್ಕಾಗಿ ಕಾಯುತ್ತಿದ್ದೆ.

ವಾರ್ಡಿಗೆ ತಂದ ಮೇಲೆ ನೋಡಲು ಬಂದವರೆಲ್ಲ ಒಂದೊಂದು ತೀರ್ಪು ತಂದರು, ಎಲ್ಲವೂ ಮೊಟ್ಟೆಯದ್ದೇ. ಗಾಂವಕರ್ ನನ್ನ ಆಮ್ಲೆಟ್ ಪಾವಿನ ಗುಟ್ಟನ್ನು ಊರಿಗೆಲ್ಲ ಬಿಟ್ಟುಕೊಟ್ಟಿದ್ದ. ಒಬ್ಬರು, ಮೊಟ್ಟೆಯೇ ಕಾರಣ, ನರದೊಳಗೆ ಮೇಣದ ಹಾಗೆ ಕೂರುತ್ತದೆ ಎಂದರು. ಇನ್ನೊಬ್ಬರು, ಮೊಟ್ಟೆ ಬಿಟ್ಟರೆ ಮೈಯಲ್ಲಿ ತ್ರಾಣ ಎಲ್ಲಿಂದ ಬರಬೇಕು ಎಂದರು. ಪಕ್ಕದ ಮಂಚದ ಮೇಲೆ ಒಬ್ಬ ನಿವೃತ್ತ ಮಾಸ್ತರರು ಮಲಗಿದ್ದರು. ಅವರು ಮೇಲೆ ನೋಡುತ್ತಲೇ ಹೇಳಿದರು: “ತತ್ತಿ ಅಂದ್ರೆ ವಿಷ. ನಾನು ಜನ್ಮದಲ್ಲಿ ಮುಟ್ಟಿದವನಲ್ಲ.”

ಗಾಂವಕರ್ ಬಹಳ ವಿನಯದಿಂದ ಕೇಳಿದ: “ಹಾಂಗಾರೆ ನೀವು ಇಲ್ಲಿಗೆ ಎಂತಕ್ಕೆ ಬಂದ್ರಿ, ಮಾಸ್ತರ್ರೆ?”

ಮಾಸ್ತರರು ಕತ್ತು ಹೊರಳಿಸಿ ಗಾಂವಕರನನ್ನು ನೋಡಿದರು. ಆಮೇಲೆ, “ಅದೇ ನಂಗೂ ತಿಳಿಯೂದಿಲ್ಲ” ಎಂದು ನಕ್ಕರು. ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ನಕ್ಕದ್ದು ಆವಾಗ ಮಾತ್ರ.

ಬಿಡುಗಡೆಯ ದಿನ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ನಮ್ಮಿಬ್ಬರು ಎಂದರೆ ನಾನು ಮತ್ತು ನನ್ನ ಹೆಂಡತಿ ಮಂಗಲಾ. ಡಾಕ್ಟರು ಮಂಡ್ಯದ ಕಡೆಯವರು, ಕಾರವಾರಕ್ಕೆ ಬಂದು ಆಗ ಇನ್ನೂ ಒಂದು ವರ್ಷ ಆಗಿರಲಿಲ್ಲ. ಅವರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಹೃದಯವಿತ್ತು. ತೆರೆದು ಮುಚ್ಚಬಹುದಾದದ್ದು, ಒಳಗೆ ಕೆಂಪು ನೀಲಿ ಕೊಳವೆ. ಅವರು ಮಾತಾಡುತ್ತ ಅದನ್ನು ಕೈಗೆತ್ತಿಕೊಂಡು ಎರಡು ಹೋಳು ಮಾಡಿದರು. ಅಲ್ಲಿಂದ ಮುಂದೆ ಅವರು ಹೇಳಿದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಒಂದನ್ನು ಬಿಟ್ಟು: ಮೂರು ತಿಂಗಳು ಮಾತ್ರೆ ಮತ್ತು ಪಥ್ಯ. ಆಮೇಲೆ ರಕ್ತ ಪರೀಕ್ಷೆ, ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಯುವ ಪರೀಕ್ಷೆ. ಅವು ಸರಿ ಬಾರದಿದ್ದರೆ ಹೊರಗಿನ ದೊಡ್ಡ ಆಸ್ಪತ್ರೆಗೆ ಹೋಗಿ ನರದೊಳಗೆ ತಂತಿ ಹಾಕಿ ನೋಡಬೇಕು, ಎದೆ ತೆರೆಯಬೇಕಾದರೂ ಬರಬಹುದು. ತೆರೆಯಬೇಕಾದರೂ ಎಂಬಲ್ಲಿ ಅವರ ಕೈಯಲ್ಲಿ ಆ ಎರಡು ಹೋಳು.

ಮಂಗಲಾ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಳು. ಬೆರಳು ಮಡಚಿ ಮಡಚಿ ನೆನಪಿಟ್ಟುಕೊಂಡಳು. ಕಾರವಾರದ ಬಂದರಿನ ಹತ್ತಿರ ಹುಟ್ಟಿದವಳು, ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆಗೆ ಹೋದವಳು, ಆಮೇಲೆ ತಾಯಿಯ ಜೊತೆ ಮೀನಿನ ಬುಟ್ಟಿ ಹೊತ್ತವಳು. ನಮ್ಮ ಮನೆಯ ಮಾತು ಕೊಂಕಣಿ, ಇಲ್ಲಿ ಓದುವವರಿಗಾಗಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಕನ್ನಡ ಪೇಟೆಯಲ್ಲಿ ಕಲಿತದ್ದು, ಗಿರಾಕಿಯ ಹತ್ತಿರ ಜಗಳವಾಡುವಷ್ಟು ಗಟ್ಟಿ. ಬಾಡಿಗೆ ಕಾರಿನಲ್ಲಿ ಅಂಕೋಲೆಗೆ ಬರುವಾಗ ಕೇಳಿದೆ.

“ತತ್ತಿ ವಿಷಯ ಎಂತ ಹೇಳಿದ್ರು?”

“ತತ್ತಿ ಅಡ್ಡಿಲ್ಲ ಅಂದ್ರು. ದಿನಾ ಎರಡು ಕೊಡಿ ಅಂದ್ರು.”

ನನಗೆ ಆ ಡಾಕ್ಟರ ಮೇಲೆ ಅಲ್ಲೇ ಭಕ್ತಿ ಹುಟ್ಟಿತು.

“ಆದ್ರೆ ಬಿಳಿ ತತ್ತಿನೇ ಆಗ್ಬೇಕಂತೆ, ಊರ ಕೋಳಿದ್ದು ಬೇಡ. ಮತ್ತೆ ಹಳದ ಮಾತ್ರ ಪೂರ್ತಿ ಬಿಡ್ಬೇಕಂತೆ. ಅದನ್ನ ಎರಡೆರಡು ಸಲ ಹೇಳಿದ್ರು.”

ಹಳದ ಎಂದರೆ ನಮ್ಮ ಮನೆಯಲ್ಲಿ ಅರಿಶಿನ.

ಬೇರೆ ಯಾರಾದರೂ ಆಗಿದ್ದರೆ ಕಾರು ತಿರುಗಿಸಿ, ಅರಿಶಿನಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಕೇಳುತ್ತಿದ್ದರು. ನನ್ನಂಥವನ ಕತೆ ಬೇರೆ. ನಿಷೇಧ ಎಷ್ಟು ವಿಚಿತ್ರವೋ ಅದರ ಮೇಲೆ ಅಷ್ಟು ವಿಶ್ವಾಸ. ಉಪ್ಪು ಬಿಡಿ, ಎಣ್ಣೆ ಬಿಡಿ ಎಂದು ಯಾರು ಬೇಕಾದರೂ ಹೇಳುತ್ತಾರೆ. ಅರಿಶಿನ ಬಿಡಿ ಎನ್ನಬೇಕಾದರೆ ಈ ಡಾಕ್ಟರು ಎಷ್ಟು ಓದಿರಬೇಕು ಎಂದುಕೊಂಡೆ. ಅಮದಳ್ಳಿ ಬರುವುದರೊಳಗೆ ನನ್ನ ತಲೆಯಲ್ಲಿ ಸಿದ್ಧಾಂತವೂ ತಯಾರಾಗಿತ್ತು: ಗಾಯಕ್ಕೆ ಅರಿಶಿನ ಹಾಕಿದರೆ ರಕ್ತ ಹೆಪ್ಪುಗಟ್ಟುತ್ತದೆ, ಹೊರಗೆ ಗಟ್ಟಿ ಮಾಡುವುದು ಒಳಗೆ ಬಿಟ್ಟೀತೇ?

ಮನೆಯಲ್ಲಿ ಆಯಿ ಇದ್ದಳು, ನನ್ನ ತಾಯಿ. ಅವಳಿಗೆ ಎಪ್ಪತ್ತು ದಾಟಿತ್ತು, ಅವಳ ಕೋಳಿಗಳು ಏಳೆಂಟು. ಆ ಕೋಳಿಗಳ ಕಂದು ಮೊಟ್ಟೆ ಬೇಡ, ಅಂಗಡಿಯ ಬಿಳಿ ಫಾರ್ಮ್ ಮೊಟ್ಟೆ ಬೇಕು ಎಂದದ್ದು ಆಯಿಗೆ ಮೊದಲನೆಯ ಪೆಟ್ಟು. ಅರಿಶಿನದ ಮಾತು ಎರಡನೆಯದು.

“ಹಳದ ಮೈಗೆಲ್ಲ ಹಚ್ಚಿ ಇವನ ಮದ್ವೆ ಮಾಡಿದ್ದೆ. ಆವಾಗ ಎದೆ ನಿಲ್ಲಲಿಲ್ಲ, ಈಗ ಸಾರಲ್ಲಿ ಒಂದ್ ಚಿಟಿಕೆ ಬಿದ್ರೆ ನಿಲ್ತದೆ?”

“ಡಾಕ್ಟ್ರು ಹೇಳಿದ್ದು, ಆಯಿ” ಎಂದಳು ಮಂಗಲಾ.

“ಆ ಡಾಕ್ಟ್ರ ಆಯಿ ಇದ್ದಾಳೆ ಅಲ್ದಾ, ಅವಳ್ನ ಒಂದ್ಸಲ ಕರ್ಕಂಡ್ ಬಾ. ನಾನು ಮಾತಾಡ್ತೆ.”

ಮಂಗಲಾ ಅರಿಶಿನದ ಡಬ್ಬಿ ತೆಗೆದು ಅಟ್ಟದ ಮೇಲಿಟ್ಟಳು. ಅಂದಿನಿಂದ ನಮ್ಮ ಮನೆಯ ಅಡುಗೆಗೆ ಬಣ್ಣ ಹೋಯಿತು. ಬಂಗಡೆಗೆ ಉಪ್ಪು ಅರಿಶಿನ ಹಚ್ಚಿ ಇಟ್ಟರೇ ಅದರ ಹಸಿ ವಾಸನೆ ಹೋಗುವುದು. ಈಗ ಉಪ್ಪೂ ಅರ್ಧ, ಅರಿಶಿನ ಪೂರ್ತಿ ಇಲ್ಲ. ಸಾರು ತೊಳೆದ ನೀರಿನ ಹಾಗೆ ಇರುತ್ತಿತ್ತು. ಆಯಿ ತಟ್ಟೆ ನೋಡಿ, “ಈ ಮೀನಕ್ಕೂ ಜ್ವರ ಬಂದಂಗೆ ಕಾಣ್ತದೆ” ಎನ್ನುತ್ತಿದ್ದಳು. ನಾನು ಮಾತ್ರ ಭಕ್ತಿಯಿಂದ ಉಂಡೆ. ಬೆಳಿಗ್ಗೆ ಎರಡು ಬೇಯಿಸಿದ ಬಿಳಿ ಮೊಟ್ಟೆ, ಅಷ್ಟೂ ಪೂರ್ತಿ, ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡಿಗೆ. ಮಂಗಲಾ ಜೊತೆಗೆ ಬರುತ್ತಿದ್ದಳು, ಒಂದು ಹೆಜ್ಜೆ ಹಿಂದೆ. ಜೊತೆಗೇ ನಡೆ ಎಂದರೆ, “ನೀವು ಬಿದ್ರೆ ಹಿಂದಿಂದ ಹಿಡೂಕೆ ಬೇಕಲ್ಲ” ಎನ್ನುತ್ತಿದ್ದಳು.

ಒಂದೂವರೆ ತಿಂಗಳಿಗೆ ಕೆಲಸಕ್ಕೆ ಮರಳಿದೆ. ಅಷ್ಟರಲ್ಲಿ ನಾನು ಬರಿಯ ರೋಗಿಯಾಗಿ ಉಳಿದಿರಲಿಲ್ಲ, ಉಪದೇಶಕನಾಗಿದ್ದೆ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಅರಿಶಿನದ ಅಪಾಯ ವಿವರಿಸುತ್ತಿದ್ದೆ. “ತತ್ತಿ ತಿನ್ನಿ, ಹೆದರಬೇಡಿ. ಅಡುಗೆಮನೆಯ ಶತ್ರು ಬೇರೆ ಇದ್ದಾನೆ” ಎಂದು ಶುರುಮಾಡುತ್ತಿದ್ದೆ. ಕಂಡಕ್ಟರ್ ನನ್ನನ್ನು ಕಂಡರೆ ಹಿಂದಿನ ಬಾಗಿಲಿಗೆ ಸರಿಯುತ್ತಿದ್ದ. ಗಾಂವಕರನಿಗಂತೂ ಮಧ್ಯಾಹ್ನದ ಡಬ್ಬಿ ಬಿಚ್ಚಿದಾಗಲೆಲ್ಲ ಅವನ ಸಾರಿನ ಬಣ್ಣ ತೋರಿಸಿ ತಲೆ ಅಲ್ಲಾಡಿಸುತ್ತಿದ್ದೆ. ಪಾಪ, ಅವನು ಹೆದರಿ ಹಬ್ಬುವಾಡದ ತನ್ನ ಮನೆಯಲ್ಲೂ ಅರಿಶಿನ ನಿಲ್ಲಿಸಿದ. ಅವನ ಹೆಂಡತಿ ನನಗೆ ಹೇಳಿ ಕಳಿಸಿದ್ದಳು: ಹೃದಯ ಕೆಟ್ಟವರು ನೀವೊಬ್ಬರು, ನಮ್ಮ ಮನೆಯ ಬಾಯಿರುಚಿ ಯಾಕೆ ಕೆಡಿಸುತ್ತೀರಿ ಎಂದು.

ಮೇಲೆ ಹೀಗೆ, ಒಳಗೆ ಬೇರೆ. ಕ್ಯಾಲೆಂಡರಿನಲ್ಲಿ ಫೆಬ್ರುವರಿಯ ಒಂದು ತಾರೀಖಿಗೆ ಪೆನ್ಸಿಲ್ಲಿನಿಂದ ಸಣ್ಣ ಚುಕ್ಕೆ ಇಟ್ಟಿದ್ದೆ. ಅದರತ್ತ ನೋಡದೆ ಇರಲು ಕ್ಯಾಲೆಂಡರ್ ತಿರುಗಿಸಿ ತೂಗುಹಾಕಿದೆ. ಆಮೇಲೆ ಆಯಿ ಏಕಾದಶಿ ನೋಡಬೇಕೆಂದು ಅದನ್ನು ಸರಿಮಾಡಿದಳು.

ಚುಕ್ಕೆಯ ದಿನ ಬಂತು. ಬರಿಹೊಟ್ಟೆಯಲ್ಲಿ ಕಾರವಾರಕ್ಕೆ ಹೋದೆವು. ರಕ್ತ ತೆಗೆದರು. ಎದೆಗೆ ವಯರು ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸಿದರು. ನಾನು ಪಟ್ಟಿಯ ಮೇಲಲ್ಲ, ತೀರ್ಪಿನ ಮೇಲೆ ನಡೆಯುತ್ತಿದ್ದವನ ಹಾಗೆ ನಡೆದೆ. ಎಲ್ಲದರ ವರದಿ ಒಟ್ಟಿಗೇ ಸಂಜೆ ನಾಲ್ಕಕ್ಕೆ ಎಂದರು. ಅದಕ್ಕಿಂತ ಮೊದಲು ಡಾಕ್ಟರು ಒಮ್ಮೆ ಒಳಗೆ ಕರೆದು, ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಚೆನ್ನಾಗಿ ಕಾಣುತ್ತೀರಿ ಎಂದರು. ಅವರಿಗೆ ಅಂದು ಬಿಡುವಿತ್ತು. ಮಂಗಲಾಳತ್ತ ತಿರುಗಿ ನಗುತ್ತ ಕೇಳಿದರು.

“ನೀವು ಚೆನ್ನಾಗಿ ನೋಡ್ಕೊಂಡಿದೀರಮ್ಮ. ದಿನಾ ಎರಡು ಮೊಟ್ಟೆದು ಹಳದಿ ತೆಗೆದು ಏನ್ಮಾಡ್ತೀರಿ? ನಮ್ಮನೇಲಿ ನಾಯಿಗೆ ಹಾಕ್ತಾರೆ.”

“ತೆಗೂದೆಂತದು ಡಾಕ್ಟ್ರೆ, ಹಾಕೂದೇ ಇಲ್ಲಲ್ಲ” ಎಂದಳು ಮಂಗಲಾ, ಹೆಮ್ಮೆಯಿಂದಲೇ.

“ಹಾಕೋದಿಲ್ಲ ಅಂದ್ರೆ?”

“ಸಾರಿಗೂ ಇಲ್ಲ, ಮೀನ ಹುರೂಕೂ ಇಲ್ಲ. ಡಬ್ಬಿನೇ ತೆಗ್ದು ಅಟ್ಟದ ಮೇಲೆ ಇಟ್ಟಿದ್ದೆ. ಮೂರು ತಿಂಗ್ಳಾಯ್ತು, ಮನೇಲಿ ಯಾರೂ ಹಳದ ಮುಟ್ಟಲಿಲ್ಲ.”

ಡಾಕ್ಟರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ನನ್ನ ತಲೆಯಲ್ಲಿ ಎರಡು ಶಬ್ದಗಳು ನಿಧಾನವಾಗಿ ಒಂದರ ಪಕ್ಕ ಒಂದು ಬಂದು ನಿಂತವು. ಹಳದ. ಹಳದಿ.

“ಹಳದಿ ಅಂದ್ರೆ ಅರಿಶಿನ ಅಲ್ಲಮ್ಮ” ಎಂದರು ಡಾಕ್ಟರು. “ಮೊಟ್ಟೆ ಒಳಗೆ ಹಳದಿ ಇರುತ್ತಲ್ಲ, ಅದು. ಬರೀ ಬಿಳೀದು ಕೊಡಿ ಅಂದಿದ್ನಲ್ಲ ನಾನು.”

“ಬಿಳೀದೇ ಕೊಟ್ಟದ್ದು. ಅಂಗಡಿಯಿಂದ ಬಿಳಿ ತತ್ತಿನೇ ತಂದು…”

ಅವಳ ಮಾತು ಅಲ್ಲಿಯೇ ನಿಂತಿತು. ಡಾಕ್ಟರಿಗೆ ಮೊದಲು ನಗು ಬಂತು, ಬಂದದ್ದನ್ನು ಅವಳ ಮುಖ ನೋಡಿ ನುಂಗಿಕೊಂಡರು. “ನಾನೇ ಬಿಡಿಸಿ ಹೇಳಬೇಕಿತ್ತು” ಎಂದರು. “ಇರಲಿ, ರಿಪೋರ್ಟ್ ಬರಲಿ. ನಾಲ್ಕಕ್ಕೆ ಬನ್ನಿ.” ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

ಗುಮಾಸ್ತನ ತಲೆ, ಮೆಟ್ಟಿಲು ಇಳಿಯುವುದರೊಳಗೆ ಲೆಕ್ಕ ಹಾಕಿ ಮುಗಿಸಿತ್ತು. ತೊಂಬತ್ತು ದಿನ, ದಿನಕ್ಕೆ ಎರಡು. ಬೇಡವೆಂದ ನೂರ ಎಂಬತ್ತು ಹಳದಿ ನನ್ನ ಎದೆಯೊಳಗೆ ಸಾಲಾಗಿ ಕುಳಿತಿದ್ದವು.

ಆ ನಾಲ್ಕೂಮುಕ್ಕಾಲು ಗಂಟೆಯನ್ನು ಕಳೆಯಲು ಕಡಲ ದಂಡೆಗೆ ಹೋದೆವು. ಗಾಳಿಮರದ ನೆರಳಿನಲ್ಲಿ ಒಂದು ಸಿಮೆಂಟಿನ ಬೆಂಚು. ಮಂಗಲಾ ಬೆಂಚಿನ ಆ ತುದಿಗೆ ಕುಳಿತಳು. ಇಡ್ಲಿ ಕಟ್ಟಿಸಿಕೊಂಡು ಬಂದೆ, ಅವಳು ಮುಟ್ಟಲಿಲ್ಲ. ಸಮುದ್ರ ನೋಡುತ್ತ ಕುಳಿತಳು. ಹುಟ್ಟಿದಾಗಿನಿಂದ ನೋಡಿದ ಸಮುದ್ರವನ್ನು ಯಾರೂ ಹಾಗೆ ನೋಡುವುದಿಲ್ಲ.

ಇಲ್ಲಿ ನಾನೊಂದು ಮಾತು ಹೇಳಿದೆ. ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಆದರೆ ಇದನ್ನು ಬಿಟ್ಟರೆ ಉಳಿದದ್ದು ಬರೀ ನಗೆಯ ಕತೆಯಾಗುತ್ತದೆ.

“ಒಂದ್ ಮಾತು ಕೇಳ್ಬಹುದಾಗಿತ್ತಲ್ಲ ನೀನು” ಎಂದೆ. “ಹಳದ ಎಂತಕ್ಕೆ ಬೇಡ, ಅಂತ. ಒಂದೇ ಒಂದ್ ಮಾತು.”

ಅವಳು ತಿರುಗಲಿಲ್ಲ. “ಕೇಳ್ಬಹುದಾಗಿತ್ತು” ಎಂದಳು. ಮತ್ತೆ ಅದೇ ಧ್ವನಿಯಲ್ಲಿ: “ನೀವೂ ಅಲ್ಲೇ ಕೂತಿದ್ರಿ.”

ನಿಜ. ಅಲ್ಲೇ ಕುಳಿತಿದ್ದೆ, ಅವಳಿಗಿಂತ ಒಂದು ಮೊಳ ಮುಂದೆ. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದವನು, ದಿನವೂ ಕನ್ನಡದಲ್ಲಿ ಟಿಪ್ಪಣಿ ಬರೆದು ಹೊಟ್ಟೆ ಹೊರೆಯುವವನು. ಪ್ಲಾಸ್ಟಿಕ್ ಹೃದಯ ನೋಡುತ್ತ ಕುಳಿತು, ಜೀವ ಉಳಿಸಿಕೊಳ್ಳುವ ಕೆಲಸವನ್ನು ನಾಲ್ಕನೆಯ ಇಯತ್ತೆಯವಳ ಮೇಲೆ ಹೊರಿಸಿದ್ದೆ. ಈಗ ಅವಳನ್ನೇ ಕೇಳುತ್ತಿದ್ದೇನೆ.

“ತಪ್ಪಾಯ್ತು” ಎಂದೆ.

“ನಿಮ್ದಲ್ಲ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. “ಡಾಕ್ಟ್ರು ಹೇಳೂವಾಗ ನಂಗೆ ಅನಿಸಿತ್ತು. ಹಳದ ಎಂತಕ್ಕೆ ಅಂತ. ಬಾಯಿ ತನಕ ಬಂದಿತ್ತು. ಇಷ್ಟು ಸಣ್ಣದು ತಿಳಿಯೂದಿಲ್ಲ ಇವಳಿಗೆ ಅಂದಾರು ಅಂತ ಸುಮ್ನಾದೆ. ನನ್ನ ನಾಚಿಕೆಗೆ ನಿಮ್ಮ ಎದೆ ಒಡೆಯೂ ಹಾಂಗಾಯ್ತು.”

ನಾನು ಬೆಂಚಿನ ಮೇಲೆ ಅವಳ ಕಡೆಗೆ ಸರಿದೆ.

“ನಿಮ್ಗಾದ್ರೆ ಹೆದರ್ಕೆ ಆದ್ರೆ ಕೂಡ್ಲೆ ಹೇಳ್ತ್ರಿ” ಎಂದಳು. “ಮನೆ ಮಂದಿಗೆ, ಬಸ್ಸಿನವ್ರಿಗೆ, ಊರಿಗೆಲ್ಲ. ನಾ ಯಾರಿಗೆ ಹೇಳೂದು? ಮನೇಲಿ ಒಬ್ರು ಹೆದರಿದ್ರೆ ಸಾಕಲ್ಲ, ಇಬ್ರು ಹೆದರಿದ್ರೆ ಅನ್ನ ಬೇಯ್ಸೂದು ಯಾರು?”

ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಮಂಗಲಾಳಿಗೂ ಹೆದರಿಕೆ ಇರಬಹುದೆಂಬುದು ನನಗೆ ಹೊಳೆದಿರಲೇ ಇಲ್ಲ. ಹೆದರಿಕೆ ಎಂಬುದು ನನ್ನ ಪಿತ್ರಾರ್ಜಿತ ಆಸ್ತಿ, ಬೇರೆಯವರಿಗೆ ಅದರಲ್ಲಿ ಪಾಲಿಲ್ಲ ಎಂದೇ ತಿಳಿದಿದ್ದೆ. ಆ ಮೂರು ತಿಂಗಳು ಅವಳು ನನ್ನ ಹಿಂದೆ ಒಂದು ಹೆಜ್ಜೆ ಬಿಟ್ಟು ನಡೆದದ್ದು, ನನಗೊಂದು ತನಗೊಂದು ಎಂದು ಬೇರೆ ಪಾತ್ರೆ ಇಡದೆ ಅದೇ ಸಪ್ಪೆ ಸಾರು ಉಂಡದ್ದು, ಮೀನಿನ ರುಚಿಯ ಮೇಲೆಯೇ ಬೆಳೆದ ಹೆಣ್ಣುಮಗಳು ಒಂದು ದಿನವೂ ಮುಖ ಸಿಂಡರಿಸದೆ ಉಂಡದ್ದು, ಎಲ್ಲ ಆ ಬೆಂಚಿನ ಮೇಲೆ ನನಗೆ ಒಟ್ಟಿಗೆ ಕಂಡಿತು. ವರದಿ ಏನೇ ಬರಲಿ, ಇದನ್ನು ಅವಳ ಮೇಲೆ ಹಾಕಬಾರದು ಎಂದುಕೊಂಡೆ. ಆದರೆ ವರದಿ ಕೆಟ್ಟದ್ದು ಬಂದರೆ ನಾನು ಹಾಕದಿದ್ದರೂ ಅವಳು ತಾನೇ ಹೊತ್ತುಕೊಳ್ಳುತ್ತಾಳೆ ಎಂಬುದೂ ಗೊತ್ತಿತ್ತು. ನನ್ನ ಎದೆಯ ಚಿಂತೆ ಅರ್ಧ ಬಿಟ್ಟುಹೋದದ್ದು ಅಲ್ಲಿ. ನನಗೆ ಬೇಕಾದದ್ದು ಈಗ ಅವಳಿಗೋಸ್ಕರ ಒಂದು ಒಳ್ಳೆಯ ಅಂಕಿ.

“ಒಂದ್ ಇಡ್ಲಿ ತಿನ್ನು” ಎಂದೆ.

“ನೀವು ತಿನ್ನಿ. ಬರಿಹೊಟ್ಟೆಲಿ ಗುಳಿಗೆ ತಕ್ಕೊಳ್ಳೂಕಾಗೂದಿಲ್ಲ.”

ಕೊನೆಗೆ ಒಂದನ್ನು ಮುರಿದು ಇಬ್ಬರೂ ತಿಂದೆವು.

ನಾಲ್ಕಕ್ಕೆ ಹದಿನೈದು ನಿಮಿಷ ಮುಂಚೆಯೇ ಹೋಗಿ ಹೊರಗಿನ ಕುರ್ಚಿಗಳಲ್ಲಿ ಕುಳಿತೆವು. ಕಾಯುವ ಕೋಣೆಯಲ್ಲಿ ಎಲ್ಲರೂ ಬಾಗಿಲನ್ನೇ ನೋಡುತ್ತಿರುತ್ತಾರೆ, ಯಾರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ನನ್ನ ಹೆಸರು ಕರೆದಾಗ ಮಂಗಲಾ ಮೊದಲು ಎದ್ದಳು.

ಡಾಕ್ಟರು ಕಾಗದ ಎರಡು ಸಲ ಓದಿದರು. ಅವರ ಹುಬ್ಬು ಮೇಲೆ ಹೋಯಿತು. ನಾನು ಮೇಜಿನ ಅಂಚು ಹಿಡಿದುಕೊಂಡೆ.

“ಇಳಿದಿದೆ” ಎಂದರು. “ರಕ್ತದಲ್ಲಿ ಕೊಲೆಸ್ಟ್ರಾಲ್ ಚೆನ್ನಾಗಿಯೇ ಇಳಿದಿದೆ. ನಡಿಗೆ ಪರೀಕ್ಷೇಲೂ ತೊಂದರೆ ಕಾಣ್ತಿಲ್ಲ. ಈಗ ಎಲ್ಲಿಗೂ ಹೋಗೋದು ಬೇಡ, ಮಾತ್ರೆ ಮುಂದುವರಿಸಿ.”

“ಹಳದಿ ತಿಂದೂ?” ಎಂದೆ.

“ತಿಂದೂ. ಮಾತ್ರೆ ಕೆಲಸ ಮಾಡಿದೆ, ನಡಿಗೆ ಕೆಲಸ ಮಾಡಿದೆ. ಆ ಗಾಡಿ ಆಮ್ಲೆಟ್ಟು, ಎಣ್ಣೆ, ಪಾವ್ ನಿಂತದ್ದೂ ಮಾಡಿರಬಹುದು. ಕೆಲವರ ಮೈಗೆ ಮೊಟ್ಟೆ ಹಳದಿ ಅಷ್ಟೇನೂ ಮಾಡೋದಿಲ್ಲ, ಕೆಲವರಿಗೆ ಮಾಡುತ್ತೆ. ನೀವು ಅದೃಷ್ಟವಂತರು. ಆದ್ರೆ ಇದನ್ನ ಬಸ್ಸಲ್ಲಿ ಹೇಳ್ಕೊಂಡು ಹೋಗಬೇಡಿ.”

ಗಾಂವಕರ್ ಅವರಿಗೂ ಹೇಳಿದ್ದ.

ಇನ್ನು ಮುಂದೆ ವಾರಕ್ಕೆ ಮೂರು ದಿನ ಪೂರ್ತಿ ಮೊಟ್ಟೆ, ಉಳಿದ ದಿನ ಬಿಳಿಯದು ಮಾತ್ರ ಎಂದು ತೀರ್ಮಾನವಾಯಿತು; ಆಯಿಯ ಕೋಳಿಯದಾದರೂ ಅಡ್ಡಿಯಿಲ್ಲವೆಂದರು. ಕೆಲವು ವರ್ಷಗಳ ಮೇಲೆ ಬಂದ ಇನ್ನೊಬ್ಬ ಡಾಕ್ಟರು, ನಿಮಗೆ ದಿನಕ್ಕೊಂದು ಪೂರ್ತಿ ತಿಂದರೂ ನಡೆಯುತ್ತದೆ ಎಂದಿದ್ದಾರೆ. ಅವರ ನಂತರ ಬರುವವರು ಏನೆನ್ನುತ್ತಾರೋ ಗೊತ್ತಿಲ್ಲ. ಮೊಟ್ಟೆ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳುವವರು ಈಗಲೂ ಇದ್ದಾರೆ. ನಿಮ್ಮ ರಕ್ತ ನೋಡಿದ ಡಾಕ್ಟರನ್ನು ಕೇಳಿ, ಅರ್ಥವಾಗುವ ತನಕ ಕೇಳಿ ಎನ್ನುತ್ತೇನೆ. ನನ್ನ ಸಿದ್ಧಾಂತಗಳ ಕಾಲ ಮುಗಿಯಿತು. ವರದಿ ಬಂದ ಮರುದಿನವೇ ಗಾಂವಕರನ ಮನೆಗೆ ಹೋಗಿ ಅವನ ಹೆಂಡತಿಯ ಕ್ಷಮೆ ಕೇಳಿದೆ. ಅವಳು ಒಳಗಿನಿಂದಲೇ, “ಇನ್ ಯಾವ್ದನ್ನ ಬಿಡ್ಬೇಕು ಹೇಳೂಕೆ ಬಂದ್ರಿ?” ಎಂದು ಕೇಳಿದಳು.

ಆದರೆ ಆ ಸಂಜೆ ಇನ್ನೂ ಮುಗಿದಿರಲಿಲ್ಲ. ವರದಿ ಮಡಚಿ ಹೊರಗೆ ಬಂದೆವು. ಮಂಗಲಾ ಅಳಲಿಲ್ಲ, ನಗಲಿಲ್ಲ. ಗೋಡೆಗೆ ಕೈ ಊರಿ ಸ್ವಲ್ಪ ಹೊತ್ತು ನಿಂತಳು, ತಲೆಯ ಮೇಲಿನ ಬುಟ್ಟಿ ಇಳಿಸಿದವಳು ಕುತ್ತಿಗೆ ಸರಿಮಾಡಿಕೊಳ್ಳುವ ಹಾಗೆ. ಐದರ ಬಸ್ಸು ಸಿಗುತ್ತದೆ, ಬೇಗ ನಡೆ ಎಂದೆ ನಾನು. ಚಟ ಎಲ್ಲಿಗೆ ಹೋಗುತ್ತದೆ, ಎದೆಯ ಚಿಂತೆ ಹೋದರೆ ಬಸ್ಸಿನದು.

ಅವಳು ನಡೆಯಲಿಲ್ಲ. ಕಾಯುವ ಕೋಣೆಯ ಮೂಲೆಯ ಕುರ್ಚಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಮೂವತ್ತೈದರ ಆಚೀಚೆ, ಹಳ್ಳಿಯ ಕಡೆಯವಳು. ಮಡಿಲಲ್ಲಿ ಔಷಧಿಯ ಚೀಟಿ, ಗುಳಿಗೆಯ ಪೊಟ್ಟಣ. ಚೀಟಿಯನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸಿ ನೋಡುತ್ತಿದ್ದಳು. ಮಂಗಲಾ ಹೋಗಿ ಅವಳ ಪಕ್ಕ ಕುಳಿತಳು.

“ಯಾರಿಗೆ ಅರಾಮಿಲ್ಲ?”

“ನಮ್ಮನೆಯವ್ರಿಗೆ. ಎದೆ ನೋವು. ನಾಳೆ ಮನೆಗೆ ಕಳಸ್ತ್ರಂತೆ.”

“ಡಾಕ್ಟ್ರು ಎಂತ ಹೇಳಿದ್ರು?”

“ಎಲ್ಲಾ ಹೇಳಿದ್ರು” ಎಂದಳು ಆ ಹೆಂಗಸು. ಆಮೇಲೆ ಸಣ್ಣ ದನಿಯಲ್ಲಿ, “ಅರ್ಧ ತಿಳೀಲಿಲ್ಲ ಅಕ್ಕಾ. ಮತ್ತೆ ಹ್ಯಾಂಗೆ ಕೇಳೂದು?”

“ಹ್ಯಾಂಗೆ ಅಂದ್ರೆ? ಬಾಯಲ್ಲಿ.” ಮಂಗಲಾ ಎದ್ದು ಅವಳ ಕೈ ಹಿಡಿದಳು. “ಬಾ ನನ್ನ ಸಂಗ್ತಿಗೆ.”

ಹೋಗುವಾಗ ತನ್ನ ಚೀಲವನ್ನು ನನ್ನ ಕೈಗಿಟ್ಟಳು. ಐದರ ಬಸ್ಸು ಹೋಯಿತು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಡಾಕ್ಟರು ಏನೋ ಹೇಳಲು ಶುರುಮಾಡಿದರು, ಅದನ್ನು ನಡುವೆಯೇ ತಡೆದು ನನ್ನ ಹೆಂಡತಿ ಹೇಳುವುದು ಹೊರಗಿದ್ದ ನಮಗೆಲ್ಲ ಕೇಳಿಸಿತು:

“ನಿಧಾನ ಹೇಳಿ, ಡಾಕ್ಟ್ರೆ. ನಮ್ಗೆ ಇಬ್ರಿಗೂ ತಿಳೀಬೇಕು.”